ಆಪಾ ಅಂದು ರೋಜಾ ಇರಲಿಲ್ಲ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡಲಿ, ಬೇಡ ಎಂದವರು ಯಾರು? ಆದರೆ ಹೋದ ತಿಂಗಳು ಶಹಾಪುರದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ಆಪಾ ಬಗ್ಗೆ ಆಡಿದ ಒಳ್ಳೆಯ ಮಾತು ಕೇಳಿ ನನಗೆ ಹತ್ತಿದ ಉರಿ ಇನ್ನೂ ಆರಿಲ್ಲ. ಆರುವ ಮೊದಲೇ ಬರೆದುಬಿಡೋಣ ಎಂದು ಕುಳಿತಿದ್ದೇನೆ. ಆರಿದ ಮೇಲೆ ಬರೆದರೆ ನಾನೂ ಅವರ ಹಾಗೆಯೇ ಸಿಹಿ ಸಿಹಿ ಬರೆದೇನು.

ಆಪಾ ಎಂದರೆ ಅಕ್ಕ. ಅವರಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಇತ್ತು. ಆದರೆ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರಿಗೂ ಅವರು ಆಪಾ. ಅಪ್ಪ ಅಮ್ಮ ಇಟ್ಟ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಜೊತೆಗೆ ಇನ್ನೂ ಕೆಲವರ ಹೆಸರು ಬರೆಯಬೇಕಾಗುತ್ತದೆ, ಅವರ ಹೆಸರು ನನ್ನ ಪೆನ್ನಿನಿಂದ ಬೀಳುವುದು ನನಗೆ ಇಷ್ಟವಿಲ್ಲ. ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದೆವು. ನಮ್ಮ ಸ್ನೇಹಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ನೋಡಲು ಗಿಡ್ಡ, ದುಂಡು ಮುಖ, ದಪ್ಪ ಗಾಜಿನ ಕನ್ನಡಕ. ಬೆಳಿಗ್ಗೆ ಬಂದವರೇ ಬುರ್ಖಾ ಕಳಚಿ ಸ್ಟಾಫ್ ರೂಮಿನ ಮೊಳೆಗೆ ಸಿಗಿಸುತ್ತಿದ್ದರು. ಒಳಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಮಧ್ಯಾಹ್ನದ ಹೊತ್ತಿಗೆ ಅದರ ಸೆರಗಿನ ತುಂಬ ಸೀಮೆಸುಣ್ಣ. ಧ್ವನಿ ಮಾತ್ರ ಗಿಡ್ಡ ಆಳಿನದಲ್ಲ. ಅವರು ಹತ್ತನೆಯ ತರಗತಿಗೆ ಪ್ರಮೇಯ ಹೇಳುತ್ತಿದ್ದರೆ ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳು ಪದ್ಯ ಬಿಟ್ಟು ತ್ರಿಕೋನ ಕಲಿಯುತ್ತಿದ್ದವು. "ಸ್ವಲ್ಪ ಸಣ್ಣಗೆ ಹೇಳ್ರಿ ಆಪಾ" ಎಂದು ನಾನು ಜಗಳಕ್ಕೆ ಹೋದರೆ, "ನಿನ್ನ ಹುಡುಗ್ರು ಪುಕ್ಕಟೆ ಲೆಕ್ಕ ಕಲ್ಯಾಕತ್ತಾರ, ನಾ ಏನು ಫೀಜು ಕೇಳೀನೇನು?" ಎನ್ನುತ್ತಿದ್ದರು.

ಸಿಟ್ಟು ಬಹಳ. ನನಗಿಂತಲೂ ಬಹಳ. ಕಂಡಕ್ಟರನ ಜೊತೆ, ತರಕಾರಿಯವಳ ಜೊತೆ, ಮೊಬೈಲಿನಲ್ಲಿ ಸುಮ್ಮನೆ ಕರೆ ಮಾಡುವ ಕಂಪನಿಯ ಹುಡುಗಿಯ ಜೊತೆ ಜಗಳ. ಸಂಜೆ ಧಾರಾವಾಹಿ ನೋಡುವಾಗ ಫೋನ್ ಮಾಡಿದವರು ಕೆಟ್ಟರು. ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಇಳಿಯುವಾಗ ಎಬ್ಬಿಸಿದರೆ, "ನಾ ಎಲ್ಲಿ ಮಲಗೀನಿ? ಕಣ್ಣ ಮುಚಗೊಂಡು ಕುಂತಿದ್ದೆ" ಎಂದು ಮುಖ ಗಂಟು ಹಾಕುತ್ತಿದ್ದರು. ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ಅದನ್ನು ಮಾತ್ರ ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಚಹಾ ಎಂದರೆ ಪ್ರಾಣ. ಶಹಾಪುರ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾವನ್ನು ಬಶಿಗೆ ಸುರಿದುಕೊಂಡು, ಊದಿ, ಸೊರ್ ಎಂದು ಸದ್ದು ಮಾಡಿ ಕುಡಿಯಬೇಕು. ಸಕ್ಕರೆ ಕಾಯಿಲೆ ಬಂದ ಮೇಲೆ "ಸಕ್ಕರಿ ಬ್ಯಾಡಪಾ" ಎಂದು ಹೋಟೆಲಿನವನಿಗೆ ಜೋರಾಗಿ ಹೇಳಿ, ಮೆಲ್ಲಗೆ ನನ್ನ ಕಪ್ಪಿನಿಂದ ಎರಡು ಗುಟುಕು ಸುರಿದುಕೊಳ್ಳುತ್ತಿದ್ದರು. ಅಂಥವರು ಕೆಲಸದ ಜಾಗದಲ್ಲಿ ಯಾರಾದರೂ ಚಹಾ ತರಿಸಿದರೆ ಸುರಿಯುವ ಮೊದಲೇ ಕಪ್ಪನ್ನು ಬಶಿಯ ಮೇಲೆ ಬೋರಲು ಹಾಕಿಬಿಡುತ್ತಿದ್ದರು. ಮಗನಿಗೆ ಸೀಟು ಕೇಳಲು ಬಂದ ಅಪ್ಪ ತರಿಸಿದ ಚಹಾ, ಶಾಲೆಗೆ ಬೆಂಚು ಮಾರಲು ಬಂದವನು ತರಿಸಿದ ಚಹಾ, ಯಾವುದೂ ಆಗದು. ಕಾಗದದ ಕಪ್ಪು ಬಂದ ಮೇಲೆ ಅದರ ಬಾಯಿಯ ಮೇಲೆ ಅಂಗೈ ಇಡುವುದು ಶುರುವಾಯಿತು. ಬಾಯಲ್ಲಿ ಅವರ ಮನೆಮಾತಿನ ಒಂದೇ ಶಬ್ದ: "ನಕ್ಕೋ." ಬೇಡ. ಎರಡನೆಯ ಸಲ ಒತ್ತಾಯ ಮಾಡಿದರೆ, "ನಕ್ಕೋ ಬೋಲೆ ತೋ ನಕ್ಕೋ." ಬೇಡ ಎಂದರೆ ಬೇಡ.

ನಮ್ಮ ಕಡೆ ಚಹಾ ಬೇಡ ಎನ್ನುವುದು ಸಣ್ಣ ಮಾತಲ್ಲ. ಮದುವೆ ಬೇಡ ಎಂದರೆ ತಡೆದುಕೊಂಡಾರು, ಚಹಾ ಬೇಡ ಎಂದರೆ ಮುಖ ಸಣ್ಣದು ಮಾಡುತ್ತಾರೆ. ನಾನು ಒಮ್ಮೆ ಕೇಳಿದೆ, "ಒಂದು ಕಪ್ ಚಾದಾಗ ಏನು ಹೋಗ್ತದರಿ ಆಪಾ? ಕುಡದು ನಿಮ್ಮ ಮನಸಿನಂಗ ಮಾಡ್ರಿ."

"ನಿನಗ ಗೊತ್ತಿಲ್ಲ. ಬ್ಯಾಡ ಅನ್ನೋದು ಮೊದಲನೇ ಗುಟುಕಿಗಿಂತ ಮೊದಲ ಅನ್ನಬೇಕು. ಒಂದ ಗುಟುಕು ಒಳಗ ಹೋತಂದ್ರ ಆಮ್ಯಾಲ ನಾಲಿಗಿ ಹೊಳ್ಳಂಗಿಲ್ಲ" ಎಂದರು. ಆಮೇಲೆ ನಕ್ಕು, "ನಾ ಏನು ದೊಡ್ಡ ಸಂತಳಲ್ಲ ತಂಗಿ. ಚಾದ ವಾಸನಿ ಬಂದ್ರ ಜೀವ ಹೋಗ್ತದ. ಅದಕ್ಕ ಮುಂಜಾನಿ ರೊಟ್ಟಿ ಬಡಿಯೋವಾಗನ ನಿರ್ಧಾರ ಮಾಡಿ ಬರ್ತೀನಿ. ಅಲ್ಲಿ ಹೋಗಿ ನಿರ್ಧಾರ ಮಾಡಾಕ ಕುಂತ್ರ ಸೋಲ್ತೀನಿ" ಎಂದರು.

ಮೌಲ್ಯ, ಆದರ್ಶ ಎಂಬ ಶಬ್ದಗಳನ್ನು ನಮ್ಮ ಭಾಷಣಕಾರರು ಎಲೆ ಅಡಿಕೆಯ ಹಾಗೆ ಜಗಿಯುತ್ತಾರೆ. ಆಪಾ ಬಾಯಲ್ಲಿ ಆ ಶಬ್ದಗಳನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅವರ ಬಳಿ ಇದ್ದದ್ದು ಒಂದು ಬುತ್ತಿಯ ಡಬ್ಬಿ. ಜೋಳದ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ಅದಕ್ಕೆ ಸ್ಟೀಲಿನ ಮುಚ್ಚಳ, ಆ ಮುಚ್ಚಳಕ್ಕೆ ಒಂದು ಸೊಟ್ಟ.

ಈಗ ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟಿನ ಬೇರು ಅಲ್ಲಿದೆ.

ಹತ್ತನೆಯ ತರಗತಿಯ ಪರೀಕ್ಷೆಗೆ ಬೇರೆ ಬೇರೆ ಶಾಲೆಗಳ ಶಿಕ್ಷಕರನ್ನು ಕೊಠಡಿ ಮೇಲ್ವಿಚಾರಣೆಗೆ ಹಾಕುತ್ತಾರೆ. ಆ ವರ್ಷ ಆಪಾ ಮತ್ತು ನನ್ನನ್ನು ಹುಣಸಗಿ ಕಡೆಯ ಒಂದು ಊರಿನ ಕೇಂದ್ರಕ್ಕೆ ಹಾಕಿದರು. ಊರಿನ ಹೆಸರು ಬೇಡ. ಹೊಲಗಳಿಗೆ ಕಾಲುವೆ ನೀರು ಬಂದು ನೆಲ್ಲು ಬೆಳೆಯುವ ಊರು, ಉಣ್ಣಲು ಉಡಲು ಕೊರತೆಯಿಲ್ಲ. ಅಂಥ ಊರುಗಳಲ್ಲಿ ಪರೀಕ್ಷೆಗೆ ಬಂದ ಮಾಸ್ತರರಿಗೆ ಊರವರೇ ಊಟ ಹಾಕುವ ಪದ್ಧತಿಯಿದೆ. ಬೆಳಿಗ್ಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ. ಮಧ್ಯಾಹ್ನ ಹೋಳಿಗೆ, ತುಪ್ಪ. ಇದನ್ನು ಲಂಚ ಎಂದರೆ ಊರವರು ನಿಜವಾಗಿಯೂ ನೊಂದುಕೊಳ್ಳುತ್ತಾರೆ. ದೂರದಿಂದ ಬಂದವರನ್ನು ಉಪವಾಸ ಕೂರಿಸುವುದೇ? ನಕಲು ಚೀಟಿ ಒಳಗೆ ಬಿಡಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬೆಳಿಗ್ಗೆ ನಿಮ್ಮ ತಟ್ಟೆಗೆ ಎರಡನೆಯ ಸಲ ಮಿರ್ಚಿ ಬಡಿಸಿದವನೇ ಹತ್ತೂವರೆಗೆ ಕಿಟಕಿಯಾಚೆ ನಿಂತಿರುತ್ತಾನೆ, ಅಷ್ಟೆ. ಅವನ ಮುಖ ನೋಡಿ ನೀವು ಇನ್ನೊಂದು ಕಡೆ ತಿರುಗುತ್ತೀರಿ. ಉಪ್ಪುಂಡ ಮನೆಗೆ ಎರಡು ಬಗೆಯಬಾರದಲ್ಲ. ಇಷ್ಟೇ ಇದರ ಯಂತ್ರ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯುತ್ತದೆ.

ಅಲ್ಲಿನ ಮುಖ್ಯ ಅಧೀಕ್ಷಕರು ಒಬ್ಬ ಹೆಡ್‌ಮಾಸ್ತರರು. ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದವರು. ಊಟದ ಖರ್ಚು ನೋಡಿಕೊಳ್ಳುತ್ತಿದ್ದದ್ದು ಊರ ಸಾಹುಕಾರರು, ಅವರ ತಂಗಿಯ ಮಗ ಅದೇ ಕೇಂದ್ರದಲ್ಲಿ ಪರೀಕ್ಷೆ ಬರೆಯುತ್ತಿದ್ದ.

ಮೊದಲ ದಿನ ಆಪಾ ನಾಷ್ಟಾದ ತಟ್ಟೆ ಮುಟ್ಟಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ತಮ್ಮ ಡಬ್ಬಿ ತೆರೆದರು. ನಾನೂ ಪಕ್ಕದಲ್ಲಿ ಕುಳಿತು ಅದೇ ರೊಟ್ಟಿ ತಿಂದೆ. ನನ್ನದೇನು ಧೀರತನವಲ್ಲ. ಆಪಾ ಪಕ್ಕದಲ್ಲಿರುವಾಗ ಮಿರ್ಚಿಗೆ ಕೈ ಹಾಕುವ ಧೈರ್ಯ ನನಗೆ ಇರಲಿಲ್ಲ, ಅಷ್ಟೆ.

ಊರವರಿಗೆ ಇದು ಅರ್ಥವಾಗಲಿಲ್ಲ. ಉಣ್ಣುವುದಿಲ್ಲ ಎಂದರೆ ಅದಕ್ಕೆ ಜಾತಿಯ ಕಾರಣವೋ ದೇವರ ಕಾರಣವೋ ಇರಲೇಬೇಕು ಎಂದು ನಮ್ಮ ಜನ ತಿಳಿಯುತ್ತಾರೆ. ಮನುಷ್ಯನ ತಲೆಯಿಂದಲೂ ಒಂದು ಕಾರಣ ಹುಟ್ಟಬಹುದು ಎಂದು ಅವರಿಗೆ ಹೊಳೆಯುವುದೇ ಇಲ್ಲ. ಸಾಹುಕಾರರು ಯೋಚಿಸಿ, "ನಮ್ಮ ಅಡಗಿ ಅವರಿಗೆ ನಡಿಯಂಗಿಲ್ಲ ಕಾಣ್ತದ" ಎಂದು ತೀರ್ಮಾನಿಸಿದರು. ಮರುದಿನದ ಪೇಪರಿಗೆ ಊರಿನ ಮುಸ್ಲಿಂ ಮನೆಯೊಂದರಲ್ಲಿ ಬಗಾರಾ ಖಾನಾ, ದಾಲ್ಚಾ ಮಾಡಿಸಿ ಕಳಿಸಿದರು. ಆ ಮನೆಯ ಯಜಮಾನರೇ ಡಬ್ಬಿ ಹಿಡಿದು ಬಂದು, "ನಮ್ಮ ಮನಿದಽ ಐತ್ರಿ ಆಪಾ, ಸಂಶೇ ಮಾಡಬ್ಯಾಡ್ರಿ" ಎಂದರು.

ಆಪಾ ಎದ್ದು ನಿಂತು, "ನಿಮ್ಮ ಮನಿ ಊಟ ನನಗ ನಡೀತದ ಭಾಯ್. ಸಾಹುಕಾರರ ಮನಿದೂ ನಡೀತದ. ಪರೀಕ್ಷಾ ಮುಗಿದ ಮ್ಯಾಲ ಕರೀರಿ, ಇಬ್ಬರ ಮನಿಗೂ ಬಂದು ಕೈ ತೊಳದು ಉಣತೀನಿ. ಈಗ ನಕ್ಕೋ" ಎಂದರು. ಆ ಮನುಷ್ಯ ಡಬ್ಬಿ ಹಿಡಿದುಕೊಂಡು ವಾಪಸು ಹೋದ. ಸಾಹುಕಾರರ ಮುಖ ಕಪ್ಪಿಟ್ಟಿತು. ಸೊಕ್ಕು ಎಂಬ ಮಾತು ಆ ದಿನವೇ ಹುಟ್ಟಿತು.

ಪರೀಕ್ಷೆಯ ನಡುವೆ ಚಂದ್ರ ಕಂಡು ರಮಜಾನ್ ಶುರುವಾಯಿತು, ಹಗಲೆಲ್ಲ ನೀರೂ ಮುಟ್ಟದೆ ರೋಜಾ ಎಂಬ ಉಪವಾಸ ಹಿಡಿಯುವ ತಿಂಗಳು. ಹೆಡ್‌ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಸಮಾಜ ವಿಜ್ಞಾನದ ಪೇಪರಿನ ದಿನ ಗೇಟಿನಲ್ಲೇ ನಮ್ಮನ್ನು ಎದುರುಗೊಂಡು, ದನಿ ತಗ್ಗಿಸಿ ಹೇಳಿದರು. "ಆಪಾ, ಛಲೋ ಆತು ನೋಡ್ರಿ. ಇನ್ನ ಯಾರೂ ನಿಮಗ ಒತ್ತಾಯ ಮಾಡಂಗಿಲ್ಲ. ರೋಜಾ ಇದ್ದಾರ ಅಂತ ಸಾಹುಕಾರರಿಗೆ ಹೇಳೀನಿ. ಅವರದೂ ಮನಸ್ಸು ತಿಳಿ ಆಗ್ಯದ."

"ನಾ ರೋಜಾ ಇಲ್ಲರಿ. ಸಕ್ಕರಿ ಅದ ನನಗ. ಗುಳಗಿ ತಗೊಂಡು ಉಣಲಿಲ್ಲಂದ್ರ ತಲಿ ತಿರಗಿ ಬೀಳ್ತೀನಿ, ಡಾಕ್ಟರ್ ಬ್ಯಾಡ ಅಂದಾರ."

"ಅದು ನನಗೂ ಗೊತ್ತದ. ಒಳಗ ನನ್ನ ರೂಮಿನಾಗ ಕುಂತು ಬಾಗಲಾ ಹಾಕ್ಕೊಂಡು ಉಣ್ರಿ. ಹೊರಗ ರೋಜಾ ಅಂತ ಇರಲಿ. ಯಾರಿಗೂ ಬ್ಯಾಸರ ಇಲ್ಲ, ನಿಮಗೂ ಮರ್ಯಾದಿ."

ಆಪಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅದು ಸಿಟ್ಟಿನ ಗುರುತು. "ಒಳಗ ಉಂಡು ಹೊರಗ ಉಪಾಸ ಅನ್ಲಿ? ಹಂಗಾರ ಆ ಹುಡುಗ್ರು ಚೀಟಿ ಒಳಗಿಟಗೊಂಡು ಬರಿಯೋದಕ್ಕೂ ನನಗೂ ಏನು ಫರಕ ಉಳೀತು ಸರ್?"

"ಹಂಗಲ್ಲರಿ..."

"ಹಂಗ ಅದ. ರೋಜಾ ಅನ್ನೋದು ಅಲ್ಲಾಹನ ಹೆಸರಿಲೆ ಹಿಡಿಯೋದು. ಸಾಹುಕಾರರ ಮಿರ್ಚಿ ತಪ್ಪಿಸಿಕೊಳ್ಳಾಕ ಅದನ್ನ ಅಡ್ಡ ಹಿಡೀಲಿ? ನಾ ರೋಜಾ ಇಲ್ಲ. ನನಗ ನಿಮ್ಮ ಊಟ ಬ್ಯಾಡ. ಇಷ್ಟ ಹೇಳ್ರಿ ಅವರಿಗೆ."

ಹೇಳಿ, ನೇರವಾಗಿ ಬೇವಿನ ಕಟ್ಟೆಗೆ ಹೋಗಿ ಡಬ್ಬಿ ತೆರೆದರು. ಬೆಳಗಿನ ಬಿಸಿಲು, ಗೇಟಿನ ಬಳಿ ಮಕ್ಕಳು, ಅವರನ್ನು ಬಿಡಲು ಬಂದ ಅಪ್ಪ ಅಮ್ಮಂದಿರು. ಬಗಾರಾ ಖಾನಾ ತಂದಿದ್ದ ಮನುಷ್ಯನೂ ಅಲ್ಲಿದ್ದ. ರಮಜಾನಿನಲ್ಲಿ ಎಲ್ಲರೆದುರು ರೊಟ್ಟಿ ಮುರಿಯುವ ಹೆಣ್ಣುಮಗಳನ್ನು ನೋಡಿ ಆತ ತಲೆ ತಗ್ಗಿಸಿ ಹೊರಟುಹೋದ. ಆಪಾ ನನ್ನ ಕಡೆ ನೋಡಿ, "ನೀ ಯಾಕ ನಿಂತೀ? ಕೂಡು, ಹಿಂಡಿ ಖಾರ ಅದ ಇವತ್ತ" ಎಂದರು. ಮೊದಲ ತುತ್ತನ್ನು ಬಹಳ ಹೊತ್ತು ಅಗಿದರು. ಆ ತುತ್ತು ಅವರಿಗೆ ಎಷ್ಟು ಭಾರವಾಗಿತ್ತು ಎಂದು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಐದು ಹೊತ್ತು ನಮಾಜು ಬಿಡದ ಹೆಂಗಸು ಆಕೆ.

ಆ ದಿನವೇ ಸಾಹುಕಾರರ ತಂಗಿಯ ಮಗ ಆಪಾ ಕೋಣೆಯಲ್ಲಿ ಚೀಟಿಯ ಸಮೇತ ಸಿಕ್ಕ. ಕಿಟಕಿಯಾಚೆ ನಿಂತವನು "ಮೇಡಂ, ಮೇಡಂ" ಎಂದು ಪಿಸುಗುಟ್ಟುತ್ತಲೇ ಇದ್ದ. ಆಪಾ ಚೀಟಿ ಕಿತ್ತುಕೊಂಡು, ಕಿಟಕಿ ಮುಚ್ಚಿ, ನಿಯಮದ ಪ್ರಕಾರ ವರದಿ ಬರೆದು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟರು. ಆ ವರದಿ ಮೇಲಿನವರೆಗೆ ಹೋಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಹುಡುಗ ಮಾತ್ರ ಆ ದಿನ ಹೊರಗೆ ಹೋದ.

ಪರೀಕ್ಷೆ ಮುಗಿಸಿ ಬಸ್ಸಿಗೆ ಕಾಯುತ್ತ ಊರ ಮುಂದಿನ ಗೂಡಂಗಡಿಗೆ ಹೋದೆವು. ಆಪಾಗೆ ಚಹಾ ಬೇಕಾಗಿತ್ತು. ಒಲೆಯ ಮೇಲೆ ಚಹಾ ಕುದಿಯುತ್ತಿದ್ದಂತೆಯೇ ಅಂಗಡಿಯವನು "ಹಾಲು ತೀರ್ಯಾವ್ರಿ" ಎಂದ. ನಾನು ಅವನ ಮೇಲೆ ಹರಿಹಾಯ್ದೆ. ಆಪಾ ನನ್ನ ಕೈ ಹಿಡಿದು ಎಳೆದರು. ನಗುತ್ತಿದ್ದರು. "ನೋಡು, ಬ್ಯಾಡ ಅನ್ನೋದು ಇವನಿಗೂ ಬರ್ತದ. ಕಲತಾನ."

ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಆಪಾ ಮೇಲೆಯೇ ಸಿಟ್ಟು ತಿರುಗಿಸಿದೆ. "ಅಷ್ಟು ಎಲ್ಲಾರ ಮುಂದ ಯಾಕ ಉಣಬೇಕಿತ್ತು? ಒಳಗ ಉಂಡಿದ್ರ ಏನಾಗ್ತಿತ್ತು? ಸಾಹುಕಾರಗೂ ಬ್ಯಾಡಾದ್ರಿ, ನಿಮ್ಮವರಿಗೂ ಬ್ಯಾಡಾದ್ರಿ."

ಆಪಾ ಕಿಟಕಿಗೆ ತಲೆ ಆನಿಸಿದರು. ಮಲಗಿದರೇನೋ ಎಂದುಕೊಂಡೆ. ಆಮೇಲೆ ಕಿಟಕಿ ಕಡೆ ನೋಡುತ್ತಲೇ, "ರೋಜಾ ಅಂದಿದ್ರ ಅವರಿಗೆ ಆರಾಮ ಆಗ್ತಿತ್ತು. ಇದು ಆಪಾ ಧರ್ಮ, ನಮಗ ಸಂಬಂಧ ಇಲ್ಲ ಅಂತ ಹೋಳಿಗಿ ಉಣತಿದ್ರು. ನಾ ಬರೇ ಬ್ಯಾಡ ಅಂದೀನಿ. ಅದನ್ನ ಯಾರ ಬೇಕಾದ್ರೂ ಅನ್ನಬಹುದು. ಅದಕ್ಕ ಅವರಿಗೆ ಅಷ್ಟು ಉರದದ" ಎಂದರು.

ಈ ಮಾತು ನನ್ನೊಳಗೆ ಇಳಿಯಲು ವರ್ಷಗಳೇ ಬೇಕಾದವು.

ಆಡಿಕೊಳ್ಳುವವರ ಬಾಯಿ ಹುಣಸಗಿಯಿಂದ ಸುರಪುರಕ್ಕೆ ಬಸ್ಸಿಗಿಂತ ಬೇಗ ಹೋಗುತ್ತದೆ. ಸುರಪುರದಲ್ಲಿ ಆಪಾ ಅವರ ಅಣ್ಣನ ಬಳೆ ಅಂಗಡಿಯಿದೆ. ರಮಜಾನಿನಲ್ಲಿ ನಿನ್ನ ತಂಗಿ ಶಾಲೆಯ ಅಂಗಳದಲ್ಲಿ ಕುಳಿತು ಉಂಡಳಂತೆ ಎಂದು ಯಾರೋ ಅಂಗಡಿಗೆ ಬಂದೇ ಹೇಳಿದರು. ಪ್ರತಿ ಈದ್‌ಗೆ ಅಣ್ಣನ ಮನೆಯಿಂದ ಹಾಲು ಶಾವಿಗೆಯ ಶೀರ್‌ಖುರ್ಮಾ ಬರುತ್ತಿತ್ತು. ಸಕ್ಕರೆ ಕಾಯಿಲೆಯ ಆಪಾ ಒಂದೇ ಚಮಚ ತಿಂದು, ಕಣ್ಣು ಮುಚ್ಚಿ ಚಪ್ಪರಿಸಿ, ಉಳಿದದ್ದನ್ನು ನನಗೆ ತಂದುಕೊಡುತ್ತಿದ್ದರು. ಆ ವರ್ಷ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. "ನೀವಾದ್ರೂ ಹೋಗಿ ಅಣ್ಣಗ ಹೇಳ್ರಿ, ಸಕ್ಕರಿ ಅದ, ಡಾಕ್ಟರ್ ಬ್ಯಾಡ ಅಂದಾರ ಅಂತ" ಎಂದೆ. "ಭಾಯಿಜಾನ್‌ಗೆ ನನ್ನ ಸಕ್ಕರಿ ಗೊತ್ತದ. ಅವರಿಗೆ ಮಂದಿ ಮಾತು ಇನ್ನೂ ಛಲೋ ಗೊತ್ತದ" ಎಂದರು. ಆ ದಿನ ಅವರು ಯಾರ ಜೊತೆಗೂ ಜಗಳಾಡಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಮರುವರ್ಷ ಪರೀಕ್ಷಾ ಕೆಲಸಕ್ಕೆ ಆಪಾ ಹೆಸರು ಬರಲಿಲ್ಲ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ, "ರಮಜಾನ್ ಅಲ್ಲರಿ, ರೋಜಾ ಇರ್ತಾರ, ಪಾಪ ಯಾಕ ತ್ರಾಸ ಕೊಡಬೇಕು ಅಂತ ಕೈಬಿಟ್ಟೇವಿ" ಎಂಬ ಉತ್ತರ ಬಂತು. ಎಷ್ಟು ಮೃದುವಾದ ಉತ್ತರ ನೋಡಿ. ಜಗಳಾಡಲು ಹಿಡಿಯೇ ಸಿಗುವುದಿಲ್ಲ. ಆಪಾ ಹೋಗಿ ಕೇಳಿದರು, "ನಾ ಯಾವಾಗ ತ್ರಾಸ ಅಂದೀನಿ? ನಾ ರೋಜಾ ಇರಂಗಿಲ್ಲ ಅಂತ ಊರಿಗೆಲ್ಲಾ ಗೊತ್ತದ." ಕಚೇರಿಯವರು ನಕ್ಕು, ಚಹಾ ತರಿಸಿದರು. ಆಪಾ ಕಾಗದದ ಕಪ್ಪಿನ ಮೇಲೆ ಅಂಗೈ ಇಟ್ಟು ಎದ್ದು ಬಂದರು. ನನ್ನ ಹೆಸರೂ ಬಂದಿರಲಿಲ್ಲ. ನಾನು ಯಾವ ರೋಜಾ ಹಿಡಿದಿದ್ದೆನೋ ಯಾರೂ ಹೇಳಲಿಲ್ಲ.

ಆಮೇಲೆ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದವು. "ನೋಡು ತಂಗಿ, ಕ್ಯಾಮೆರಾ ಉಣ್ಣಂಗಿಲ್ಲ, ಅದಕ್ಕ ಎಲ್ಲಾರೂ ಅಂಜತಾರ. ಇಷ್ಟು ವರ್ಷ ನಾನೂ ಅದನ್ನಽ ಮಾಡ್ತಿದ್ದೆ, ನನಗ ಯಾರೂ ಕರೆಂಟ್ ಕೊಡಲಿಲ್ಲ" ಎಂದು ನಕ್ಕರು. ಆ ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿತ್ತು. ನಿವೃತ್ತಿಯ ದಿನ ಶಾಲು, ಹಾರ ಯಾವುದೂ ಬೇಡ ಎಂದರು. ನಾನು ನನ್ನ ದುಡ್ಡಿನಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಸಿದೆ. ಬಶಿಗೆ ಸುರಿದು ಊದುತ್ತಾ, "ಇದರಾಗ ಯಾವ ಕೆಲಸಾನೂ ಇಲ್ಲಲ್ಲ?" ಎಂದು ಕೇಳಿದರು. ಇಲ್ಲ ಎಂದ ಮೇಲೆ ಕುಡಿದರು.

ಆರು ತಿಂಗಳೂ ಆಗಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತವರು ಹಾಗೆಯೇ ಗೋಡೆಗೆ ಒರಗಿದರಂತೆ.

ಇನ್ನು ಆ ಸಭೆ. ನಿವೃತ್ತ ಶಿಕ್ಷಕರೆಲ್ಲ ಸೇರಿ ಏರ್ಪಡಿಸಿದ್ದು. ಆಪಾ ಫೋಟೋಕ್ಕೆ ಹಾರ, ಮುಂದಿನ ಸಾಲಿನಲ್ಲಿ ಸುರಪುರದಿಂದ ಬಂದ ಅವರ ಅಣ್ಣ, ಪಕ್ಕದ ಕುರ್ಚಿಯಲ್ಲಿ ನಾನು. ಸತ್ತ ಎಮ್ಮೆಗೆ ಹಾಲು ಬಹಳ ಎನ್ನುತ್ತಾರೆ. ಸೊಕ್ಕಿನ ಹೆಂಗಸು ಎಂದು ಬೆನ್ನ ಹಿಂದೆ ಆಡಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಶಿಸ್ತು, ಸರಳತೆ, ತಾಳ್ಮೆ ಎಂದರು. ತಾಳ್ಮೆ! ಆಪಾ ಕೇಳಿದ್ದರೆ ಸೀಮೆಸುಣ್ಣ ಎಸೆಯುತ್ತಿದ್ದರು. ಅಲ್ಲಿಯವರೆಗೂ ತಡೆದುಕೊಂಡೆ.

ಆಮೇಲೆ ಆ ಹೆಡ್‌ಮಾಸ್ತರರು ಮೈಕು ಹಿಡಿದರು. ಈಗ ಅವರಿಗೂ ವಯಸ್ಸಾಗಿದೆ. "ರಮಜಾನ್ ತಿಂಗಳು. ಬೆಂಕಿಯಂಥ ಬಿಸಿಲು. ನಾವೆಲ್ಲ ಹೊಟ್ಟೆ ತುಂಬ ಉಂಡು ಕೆಲಸ ಮಾಡುತ್ತಿದ್ದರೆ, ಆ ತಾಯಿ ಒಂದು ಹನಿ ನೀರನ್ನೂ ಬಾಯಿಗೆ ಹಾಕದೆ ರೋಜಾ ಹಿಡಿದು ಪರೀಕ್ಷೆಯ ಕರ್ತವ್ಯ ಮಾಡಿದರು. ಧರ್ಮವನ್ನೂ ಬಿಡಲಿಲ್ಲ, ಕರ್ತವ್ಯವನ್ನೂ ಬಿಡಲಿಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರು ಕಣ್ಣು ಒರೆಸಿಕೊಂಡರು. ಆ ಕಣ್ಣೀರು ನಿಜವಾಗಿತ್ತು, ನಾನು ನೋಡಿದೆ. ನಾಟಕವಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹೇಳಿ ಹೇಳಿ ತಮ್ಮ ಸುಳ್ಳನ್ನು ತಾವೇ ನಂಬಿಬಿಟ್ಟಿದ್ದರು. ಬದುಕಿದ್ದಾಗ ಆಪಾ ತೆಗೆದುಕೊಳ್ಳಲು ಒಪ್ಪದ ಆ ಸುಳ್ಳನ್ನು, ಸತ್ತ ಮೇಲೆ, ಬೇಡ ಎನ್ನಲು ಕೈ ಏಳದ ಹೊತ್ತಿನಲ್ಲಿ, ಅವರ ಕೊರಳಿಗೆ ಹಾಕಿದರು.

ನಾನು ಏಳಲು ಹೊರಟೆ. ಆಪಾ ಅವರ ಅಣ್ಣ ನನ್ನ ಕಡೆ ಬಾಗಿದರು. ಅವರ ಮುಖ ಎಷ್ಟೋ ವರ್ಷಗಳ ಮೇಲೆ ಹಗುರಾಗಿತ್ತು. "ಅಕ್ಕೋರ, ನಿಮಗ ಏನೋ ಹೇಳೋದದ ಅಂತ ತಿಳೀತು. ಬಿಡ್ರಿ. ಇಷ್ಟು ದಿನ ನಮ್ಮ ಮಂದಿ ನನ್ನ ತಂಗಿ ಬಗ್ಗೆ ಆಡಿಕೊಂಡ್ರು. ಇವತ್ತ ಮೈಕಿನಾಗ ಒಂದು ಛಲೋ ಮಾತು ಬಂದದ. ಮಂದಿ ಕೇಳ್ಯಾರ. ಇರಲಿ ಬಿಡ್ರಿ."

ನಾನು ಕುಳಿತೆ. ಕುಳಿತದ್ದು ನಿಜ. ಒಬ್ಬ ಮುದುಕನಿಗೆ ಸಿಕ್ಕ ಸಮಾಧಾನವನ್ನು ಕಸಿದುಕೊಳ್ಳಲು ನಾನು ಯಾರು ಎನಿಸಿತು. ಸುಮ್ಮನಿದ್ದರೆ ಯಾರಿಗೂ ಬೇಸರವಿಲ್ಲ, ಆಪಾಗೂ ಮರ್ಯಾದೆ. ಹೀಗೆ ಯೋಚಿಸುತ್ತಿರುವಾಗಲೇ ಇದು ಯಾರ ಮಾತು ಎಂದು ನೆನಪಾಯಿತು. ಗೇಟಿನ ಬಳಿ ಹೆಡ್‌ಮಾಸ್ತರರು ದನಿ ತಗ್ಗಿಸಿ ಆಡಿದ್ದು ಅಕ್ಷರಶಃ ಇದೇ ಮಾತು. ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಸಹೋದ್ಯೋಗಿಗಳ ಪರವಾಗಿ ಎರಡು ಮಾತು ಎಂದು ನನ್ನ ಹೆಸರನ್ನೇ ಕರೆದರು.

ಭಾಷಣಕ್ಕೆಂದು ಒಳ್ಳೆಯ ಕನ್ನಡವನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಮನೆಯ ಮಾತು. "ಆಪಾ ಅವತ್ತ ರೋಜಾ ಇರಲಿಲ್ಲರಿ. ಸಕ್ಕರಿ ಇತ್ತು ಅವರಿಗೆ. ಬೇವಿನ ಕಟ್ಟಿ ಮ್ಯಾಲ ಕುಂತು ಎಲ್ಲಾರ ಮುಂದ ರೊಟ್ಟಿ ಉಂಡಾರ. ನಾನೂ ಬಾಜೂಕ ಕುಂತು ಉಂಡೀನಿ. ಊರವರ ಊಟ ಉಂಡ್ರ ಚೀಟಿ ಹಿಡಿಯಾಕ ಕೈ ಏಳಂಗಿಲ್ಲ ಅಂತ ಉಣಲಿಲ್ಲ, ಅಷ್ಟ. ಅದಕ್ಕ ದೇವರ ಹೆಸರು ಹಚ್ಚಬ್ಯಾಡ್ರಿ. ರೋಜಾ ಅಂತ ಹೇಳ್ರಿ ಅಂತ ಇದ ಸರ್ ಅವರಿಗೆ ಹೇಳಿದ್ರು. ಆಪಾ ಒಲ್ಲೆ ಅಂದ್ರು. ಇವತ್ತ ಅವರು ಇಲ್ಲಂತ ಅದನ್ನ ಹೇಳಬ್ಯಾಡ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರೂಪಕರು ಗಡಬಡಿಸಿ ವಂದನಾರ್ಪಣೆ ಮುಗಿಸಿದರು.

ಚಹಾ ಬಂತು. ಸಣ್ಣ ಸಣ್ಣ ಗುಂಪಾಗಿ ನಿಂತು ಎಲ್ಲರೂ ಮಳೆಯ ಮಾತು, ಪಿಂಚಣಿಯ ಮಾತು ಆಡತೊಡಗಿದರು. ಆಪಾ ಅಣ್ಣನ ಕೈಗೂ ಯಾರೋ ಒಂದು ಕಪ್ಪು ಕೊಟ್ಟರು. ಅವರು ನನ್ನ ಹತ್ತಿರ ಬಂದು ನಿಂತರು, ಸಿಟ್ಟಾಗಿದ್ದರೋ ಇಲ್ಲವೋ ತಿಳಿಯಲಿಲ್ಲ. ಒಂದು ಗುಟುಕು ಕುಡಿದು, "ಸಕ್ಕರಿ ಅದ ಅಂತ ನನಗ ಗೊತ್ತಿತ್ತು. ಊಟ ಯಾಕ ಬ್ಯಾಡ ಅಂದಿದ್ಲು ಅಂತ ಗೊತ್ತಿರಲಿಲ್ಲ. ಹೇಳಲೇ ಇಲ್ಲ ಆಕಿ" ಎಂದರು.

"ನೀವು ಕೇಳಿದ್ರೇನು?" ಎಂದೆ. ಒರಟಾಗಿಯೇ ಎಂದೆ.

ಅವರು ಉತ್ತರ ಕೊಡುವಷ್ಟರಲ್ಲಿ ಹೆಡ್‌ಮಾಸ್ತರರು ತಾವೇ ಒಂದು ಕಪ್ಪು ಹಿಡಿದು ನಮ್ಮ ಕಡೆ ಬಂದರು. ಮುಖದ ಮೇಲೆ ನಗು ತಂದುಕೊಂಡಿದ್ದರು. "ಹೋಗ್ಲಿ ಬಿಡ್ರಿ ಮೇಡಂ. ನಾ ಏನು ಕೆಟ್ಟದ್ದು ಹೇಳೀನಿ? ಛಲೋದಽ ಹೇಳೀನಿ. ಮುಗಿದ ಮಾತು. ಚಾ ತಗೋರಿ."

ತಲೆ ಸಿಡಿಯುತ್ತಿತ್ತು. ಶುಂಠಿ ಹಾಕಿದ ಚಹಾ, ವಾಸನೆಗೇ ಬಾಯಿ ಒದ್ದೆಯಾಯಿತು. ಅದನ್ನು ತೆಗೆದುಕೊಂಡರೆ ಮಾತು ಅಲ್ಲಿಗೆ ಮುಗಿಯುತ್ತದೆ, ನಾಳೆ ಇನ್ನೊಂದು ಸಭೆಯಲ್ಲಿ ಮತ್ತೆ ರೋಜಾ ಎನ್ನುತ್ತಾರೆ, ನಾನು ಕುಡಿದ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಕಪ್ಪಿನ ಬಾಯಿಯ ಮೇಲೆ ಅಂಗೈ ಇಟ್ಟೆ. ಬಿಸಿ ತಾಗಿತು.

ಅವರು ಸುತ್ತ ನಿಂತವರ ಕಡೆ ನೋಡಿ ನಗುತ್ತಾ, "ಏನ್ರಿ ಮೇಡಂ, ನೀವೂ ರೋಜಾ ಏನು?" ಎಂದರು. ಒಂದಿಬ್ಬರು ನಕ್ಕರು.

"ಇಲ್ಲರಿ ಸರ್. ನಾನೂ ರೋಜಾ ಇಲ್ಲ. ನನಗ ನಿಮ್ಮ ಚಾ ಬ್ಯಾಡ."

ನಗು ನಿಂತಿತು. ಆಪಾ ಅಣ್ಣ ಅರ್ಧ ಕುಡಿದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿ ಇಡಬೇಕೆಂದು ಸುತ್ತ ನೋಡುತ್ತಿದ್ದರು.